ಅಡಿಗೆ ಕಟ್ಟೆಗೆ ಕಲ್ಲು ಕೂಡ್ರಿಸುವುದು: ನಾವೇ ಮಾಡಿಕೊಳ್ಳುವ ಕೆಲಸ

ಗ್ಯಾಸ್ ಬಂತು, ಕಟ್ಟೆ ಬರಲಿಲ್ಲ. ನಮ್ಮ ಅಂಕೋಲೆ, ಕಾರವಾರ ಬದಿಯ ಎಷ್ಟೋ ಹಳ್ಳಿಮನೆಗಳ ಸ್ಥಿತಿ ಇದು. 2016ರಲ್ಲಿ ಉಜ್ವಲ ಯೋಜನೆ ಸುರುವಾದ ಮೇಲೆ ಬಡವರ ಮನೆಗೂ ಸಿಲಿಂಡರ್ ಬಂತು. ಆದರೆ ಅಡಿಗೆಮನೆ ಮಾತ್ರ ಕೂತು ಅಡಿಗೆ ಮಾಡುವ ಕಾಲದ್ದೇ. ಹಾಗಾಗಿ ಗ್ಯಾಸ್ ಒಲೆಯನ್ನು ನೆಲದ ಮೇಲೇ ಇಟ್ಟು, ಪಕ್ಕಕ್ಕೆ ಸಿಲಿಂಡರ್ ನಿಲ್ಲಿಸಿ, ಮಣೆ ಹಾಕಿಕೊಂಡು ಅಡಿಗೆ ಮಾಡುತ್ತಾರೆ. ಕೆಲವರು ಹಳೇ ಬೆಂಚೋ ಮರದ ಮೇಜೋ ಹುಡುಕಿಕೊಂಡಿದ್ದಾರೆ.

ನೆಲದ ಮೇಲೆ ಒಲೆ ಇಡುವುದು ಅಪಾಯ. ಅಡಿಗೆ ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ಹೊಗೆಯ ಹಾಗೆ ಮೇಲಕ್ಕೆ ಹೋಗುವುದಿಲ್ಲ, ನೀರಿನ ಹಾಗೆ ನೆಲ ಹಿಡಿದು ಹರಡುತ್ತದೆ. ಬೆಂಕಿಯೂ ನೆಲದಲ್ಲೇ ಇದ್ದರೆ ಏನಾಗ್ತದೆ ಅಂತ ಬರೆಯಬೇಕಾಗಿಲ್ಲ. ಒಲೆ ಸಿಲಿಂಡರಿಗಿಂತ ಎತ್ತರದಲ್ಲಿ ಇರಬೇಕು ಅಂತ ಗ್ಯಾಸ್ ಕಂಪನಿಯವರು ಹೇಳುವುದು ಸುಮ್ಮನೆ ಅಲ್ಲ. 14.2 ಕಿಲೋದ ಸಿಲಿಂಡರ್ ಎರಡು ಅಡಿಗಿಂತ ಸ್ವಲ್ಪ ಜಾಸ್ತಿ ಎತ್ತರ ಇರ್ತದೆ. ಅಂದರೆ ಎರಡೂವರೆ ಅಡಿಯ ಕಟ್ಟೆ ಬೇಕೇ ಬೇಕು. ಮರದ ಮೇಜು ಉಪಾಯವೇನೋ ಹೌದು, ಆದರೆ ನಮ್ಮ ಮಳೆಗಾಲಕ್ಕೆ ಕಾಲು ಕುಂಬಾಗ್ತದೆ, ಗೆದ್ದಲು ಬಿಡುವುದಿಲ್ಲ. ಈಚೆಗೆ ಪ್ಲೈವುಡ್ ಕಪಾಟಿನ ಮೇಲೆ ಕಲ್ಲು ಕೂಡ್ರಿಸುವ ಪೇಟೆಯ ಪದ್ಧತಿ ಬಂದಿದೆ. 2019ರ ಆಗಸ್ಟಿನಲ್ಲಿ ಗಂಗಾವಳಿ, ಕಾಳಿ ಎರಡೂ ದಂಡೆ ಮೀರಿ ಮನೆಗಳಿಗೆ ನುಗ್ಗಿದಾಗ ಅಂಥ ಕಪಾಟುಗಳು ಹಪ್ಪಳದ ಹಾಗೆ ಉಬ್ಬಿ ಹೋದದ್ದನ್ನು ಹೊಳೆ ಬದಿಯವರು ನೋಡಿದ್ದಾರೆ. ಕಲ್ಲು ಗಾರೆಯ ಕಟ್ಟೆಗೆ ನೀರು ಹೊಕ್ಕರೆ ರಾಡಿ ತೊಳೆದರೆ ಮುಗೀತು.

ಈ ಕೆಲಸಕ್ಕೆ ಗೌಂಡಿ ಬೇಕೇ ಅಂತ ಕೇಳಿದರೆ, ಸಿಕ್ಕಿದರೆ ಒಳ್ಳೇದು. ಆದರೆ ಎಂಟಡಿ ಕಟ್ಟೆಯ ಸಣ್ಣ ಕೆಲಸಕ್ಕೆ ಈಗ ಯಾರೂ ಬರುವುದಿಲ್ಲ. ಬಂದರೂ ಅವನ ಕೂಲಿ, ಕೈಯಾಳಿನ ಕೂಲಿ, ಮೂರು ನಾಲ್ಕು ಸಲ ಬಿಟ್ಟು ಬಿಟ್ಟು ಬರುವುದು, ಎಲ್ಲ ಸೇರಿ ಕಲ್ಲಿನ ಕಿಮ್ಮತ್ತಿಗಿಂತ ಜಾಸ್ತಿ ಆಗ್ತದೆ. ನನ್ನದು ಮಕ್ಕಿ ಗದ್ದೆ. ಮೂರು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಊರಿನವನು ಒಣ ಬೇಸಾಯದವ ಅಂತ ಹೇಳಿಕೊಂಡರೆ ಬಯಲುಸೀಮೆಯವರು ನಗಬಹುದು. ನಾಲ್ಕು ತಿಂಗಳಲ್ಲಿ ಸುರಿದು ಕಡಲಿಗೆ ಹೋದ ಮೇಲೆ ನಮಗೂ ಹನಿ ನೀರಿಲ್ಲ. ಒಂದು ಬೆಳೆ ಭತ್ತ, ಇಬ್ಬನಿಗೆ ಬಂದಷ್ಟು ಕಾಳು, ಶೇಂಗಾ. ಇಂಥ ಬೇಸಾಯದಲ್ಲಿ ದುಡ್ಡು ಕಡಿಮೆ, ಸುಗ್ಗಿ ಮುಗಿದ ಮೇಲೆ ಪುರಸೊತ್ತು ಜಾಸ್ತಿ. ಆ ಪುರಸೊತ್ತನ್ನೇ ಕೂಲಿ ಮಾಡಿಕೊಳ್ಳುವ ದಾರಿ ಇದು. ಬದು ಕಟ್ಟಲು ಬಂದವನಿಗೆ ಕಟ್ಟೆ ಕಟ್ಟಲು ಬರ್ತದೆ.

ಯಾವ ಕಲ್ಲು?

ಎಲ್ಲಕ್ಕಿಂತ ಹೆಚ್ಚು ವಿಚಾರ ಮಾಡಬೇಕಾದ್ದು ಇಲ್ಲಿ. ನಮ್ಮ ಪೇಟೆಯಲ್ಲಿ ಕಟ್ಟೆಗೆ ಅಂತ ಸಿಗುವ ಕಲ್ಲು ಮುಖ್ಯವಾಗಿ ಮೂರು ಬಗೆ. ಕಲಬುರ್ಗಿ ಕಡೆಯ ಶಹಾಬಾದ್ ಕಲ್ಲು, ಇದನ್ನೇ ನಮ್ಮವರು ಪರ್ಸಿ ಅನ್ನುವುದು. ಆಂಧ್ರದ ಕಡಪ ಕಲ್ಲು, ಕಪ್ಪಗೆ ಇರ್ತದೆ. ಮತ್ತೆ ಗ್ರಾನೈಟ್. ಇಳಕಲ್ಲಿನ ಕೆಂಪು, ಚಾಮರಾಜನಗರದ ಕಪ್ಪು ಹೆಸರಾದವು. ವ್ಯಾಪಾರದಲ್ಲಿ ಗಟ್ಟಿ ಕಲ್ಲಿಗೆಲ್ಲ ಗ್ರಾನೈಟ್ ಅಂತಲೇ ಹೆಸರು.

ಪರ್ಸಿಯೂ ಕಡಪವೂ ಜಾತಿಯಲ್ಲಿ ಸುಣ್ಣದ ಕಲ್ಲು. ಶಹಾಬಾದ್, ವಾಡಿ ಕಡೆ ಸಿಮೆಂಟ್ ಕಾರ್ಖಾನೆಗಳು ಬಂದದ್ದೇ ನೆಲದಡಿ ಈ ಕಲ್ಲು ಇದೆ ಅಂತ. ನಮ್ಮ ಹೊಳೆಯ ಬೆಳಚಿನ ಚಿಪ್ಪು ಸುಟ್ಟು ಸುಣ್ಣ ಮಾಡ್ತೇವಲ್ಲ, ಆ ಚಿಪ್ಪೂ ಈ ಕಲ್ಲೂ ಒಳಗೆ ಒಂದೇ ವಸ್ತು. ಸುಣ್ಣಕ್ಕೆ ಹುಳಿ ಕಂಡರೆ ಆಗುವುದಿಲ್ಲ. ನಮ್ಮ ಅಡಿಗೆಮನೆಯಲ್ಲಿ ಇರುವುದೆಲ್ಲ ಹುಳಿಯೇ ಅಲ್ಲವೋ? ಮುರುಗಲು, ಹುಣಸೆ, ಲಿಂಬೆ, ಬಿಂಬಲಿ, ಅಂಬಟೆ, ಮಾವಿನಕಾಯಿ. ಕಡಪ ಕಲ್ಲಿನ ಮೇಲೆ ಮುರುಗಲ ಸಿಪ್ಪೆ ನೆನೆಸಿದ ತಪ್ಪಲೆ ಚೆಲ್ಲಿ ರಾತ್ರಿಯಿಡೀ ಉಳಿದರೆ ಬೆಳಿಗ್ಗೆ ಅಲ್ಲಿ ಹೊಳಪು ಹೋಗಿ ಬೂದಿ ಬಣ್ಣದ ಕಲೆ ನಿಲ್ತದೆ. ಅದು ಕಲೆ ಅಲ್ಲ, ಕಲ್ಲೇ ಅಷ್ಟು ಕರಗಿದ್ದು. ತಿಕ್ಕಿ ತೆಗೆಯಲು ಬರುವುದಿಲ್ಲ. ಒಲೆ ಪಕ್ಕ ದಿನಾ ಲಿಂಬೆ ಹಿಂಡುವ ಜಾಗ ಐದಾರು ವರ್ಷಕ್ಕೆ ಕೈಗೆ ತರಿತರಿ ಹತ್ತುತ್ತದೆ.

ಗ್ರಾನೈಟಿಗೆ ಅಡಿಗೆಮನೆಯ ಹುಳಿ ಏನೂ ಮಾಡುವುದಿಲ್ಲ. ಇದಕ್ಕೆ ಪುಸ್ತಕದ ಸಾಕ್ಷಿ ಬೇಡ, ನಮ್ಮ ಕಡೆಯುವ ಕಲ್ಲು, ಒರಳು ನೋಡಿದರೆ ಸಾಕು. ಅಜ್ಜಿ ಕಾಲದಿಂದ ಅದರಲ್ಲಿ ಹುಣಸೆಹಣ್ಣು ಹಾಕಿ ಮೀನಿನ ಮಸಾಲೆ ಕಡೆದಿದ್ದೇವೆ. ಸವೆದದ್ದು ಗುಂಡುಕಲ್ಲಿನ ತಿಕ್ಕಾಟಕ್ಕೆ, ಹುಳಿಗೆ ಅಲ್ಲ.

ಹಾಗಾಗಿ ನನ್ನ ಅಭಿಪ್ರಾಯ ಹೀಗೆ: ಕೆಳಗೆ ಭಾರ ಹೊರಲು ಪಾಲಿಶ್ ಇಲ್ಲದ ಒಡ್ಡು ಕಡಪ, ಮೇಲೆ ಕಣ್ಣಿಗೆ ಕಾಣುವ ಜಾಗಕ್ಕೆ ಗ್ರಾನೈಟ್ ಬಿಲ್ಲೆ. ಬಿಲ್ಲೆ ಅಂದರೆ ಒಂದಡಿಗೆ ಒಂದಡಿ, ಎರಡಡಿಗೆ ಒಂದಡಿ ಅಳತೆಗೆ ಕೊರೆದದ್ದು, ಸುಮಾರು 10 ಮಿಲಿಮೀಟರ್ ದಪ್ಪ. ಇಡೀ ಹಲಗೆಗಿಂತ ಅಗ್ಗ. ಇನ್ನೂ ಅಗ್ಗ ಬೇಕಾದರೆ ಕಲ್ಲಂಗಡಿಯ ಹಿತ್ತಿಲಿಗೆ ಹೋಗಿ ನೋಡಿ. ದೊಡ್ಡ ಹಲಗೆ ಕೊಯ್ದು ಉಳಿದ ತುಂಡುಗಳು ಗೋಡೆಗೆ ಒರಗಿ ನಿಂತಿರ್ತವೆ. 16ರಿಂದ 18 ಮಿಲಿಮೀಟರ್ ದಪ್ಪ, ಒಳ್ಳೇ ಮಾಲು. ಅಂಗಡಿಯವನಿಗೆ ಅದು ಅಡ್ಡಿ, ಚೌಕಾಸಿ ನಡೀತದೆ. ಒಂದೇ ಬಣ್ಣದ್ದು ಸಿಗಲಿಕ್ಕಿಲ್ಲ. ಕೆಂಪು ಕಪ್ಪು ಬೆರಸಿ ಚೌಕಾಬಾರದ ಮನೆಯ ಹಾಗೆ ಕೂಡ್ರಿಸಿದರೂ ಚೆಂದವೇ.

ಬಿಲ್ಲೆಯಿಂದ ಇನ್ನೊಂದು ಅನುಕೂಲ ಸಾಗಾಟದ್ದು. 18 ಮಿಲಿಮೀಟರಿನ ಹಲಗೆ ಒಂದು ಚದರಡಿಗೆ ನಾಲ್ಕೂವರೆ ಕಿಲೋ ತೂಗ್ತದೆ. ಎಂಟಡಿಗೆ ಎರಡಡಿಯ ಒಂದೇ ಹಲಗೆ ಅಂದರೆ 70 ಕಿಲೋ ಮೇಲೆ. ರಸ್ತೆ ಇಲ್ಲದ ಮನೆಗೆ, ಗದ್ದೆ ಹಾಳಿಯ ಮೇಲೆ ಅದನ್ನು ಹೊತ್ತು ತರುವುದು, ಜಾರಿದರೆ ಕಲ್ಲೂ ಹೋಯ್ತು, ಕಾಲೂ ಹೋಯ್ತು. ಬಿಲ್ಲೆ ಒಂದಕ್ಕೆ ಎರಡೂವರೆ ಕಿಲೋ. ಎಂಟು ಹತ್ತು ಬಿಲ್ಲೆಯ ಕಟ್ಟು ಒಬ್ಬನೇ ತರಬಹುದು. ಒಂದು ಒಡೆದರೆ ಒಂದೇ ನಷ್ಟ.

ಕಡಪವೇ ಈಗಾಗಲೇ ಹಾಕಿದ್ದರೆ ಕಿತ್ತು ಹಾಕಬೇಕು ಅಂತ ನಾನು ಹೇಳುವುದಿಲ್ಲ. ಹುಳಿ ಕೆಲಸಕ್ಕೆ ಒಂದು ಮಣೆ ಇಟ್ಟುಕೊಳ್ಳಿ, ಚೆಲ್ಲಿದ ಕೂಡಲೇ ಒರಸಿ, ತಿಂಗಳಿಗೊಮ್ಮೆ ತೆಂಗಿನೆಣ್ಣೆ ಕೈ ಆಡಿಸಿ. ಬಾಳಿಕೆ ಬರ್ತದೆ.

ಅಂಗಡಿಯಲ್ಲಿ ನಿಂತು ಮಾಡುವ ಪರೀಕ್ಷೆ

ಕಿಸೆಯಲ್ಲಿ ಒಂದು ಲಿಂಬೆಹಣ್ಣು, ಒಂದು ಮೊಳೆ, ಒಂದು ಬಿಳಿ ಬಟ್ಟೆ ಚೂರು ಇರಲಿ. ಕಲ್ಲಿನ ಹಿಂಬದಿಯನ್ನು ಮೊಳೆಯಿಂದ ಕೆರೆದು ಆ ಪುಡಿಯ ಮೇಲೆ ಲಿಂಬೆರಸ ಬಿಡಿ. ಸಣ್ಣ ಸಣ್ಣ ಗುಳ್ಳೆ ಎದ್ದರೆ ಸುಣ್ಣದ ಜಾತಿ, ಗ್ರಾನೈಟ್ ಅಲ್ಲ. ಅಮೃತಶಿಲೆಯೂ ಈ ಪರೀಕ್ಷೆಯಲ್ಲಿ ಸಿಕ್ಕಿ ಬೀಳ್ತದೆ. ಮೊಳೆಗೆ ಸುಲಭದಲ್ಲಿ ಗೀರು ಬಿದ್ದರೂ ಗ್ರಾನೈಟ್ ಅಲ್ಲ ಅಂತಲೇ ಲೆಕ್ಕ.

ಕಪ್ಪು ಕಲ್ಲಿಗೆ ಇನ್ನೊಂದು ಪರೀಕ್ಷೆ ಬೇಕು. ಬೂದು ಬಣ್ಣದ ಅಗ್ಗದ ಕಲ್ಲಿಗೆ ಬಣ್ಣ ಕುಡಿಸಿ ಕಪ್ಪು ಅಂತ ಮಾರುವುದು ಉಂಟು. ಬಿಳಿ ಬಟ್ಟೆಗೆ ಉಗುರಿನ ಬಣ್ಣ ತೆಗೆಯುವ ದ್ರವ ನಾಲ್ಕು ಹನಿ ಹಾಕಿ ಕಲ್ಲಿನ ಮೇಲೆ ಜೋರಾಗಿ ಒರಸಿ. ಬಟ್ಟೆ ಕಪ್ಪಾದರೆ ಕಲ್ಲು ಬಿಟ್ಟು ಮುಂದಿನ ಅಂಗಡಿಗೆ ನಡೀರಿ. ಹುಬ್ಬಳ್ಳಿಯಿಂದ ತಂದ ಕರಿ ಕಲ್ಲು ಎರಡು ಮಳೆಗಾಲಕ್ಕೆ ಬೂದಿಯಾಯ್ತು ಅಂತ ನಮ್ಮ ನೆಂಟರೊಬ್ಬರು ಈಗಲೂ ಹೇಳ್ತಾರೆ.

ಕಡಪದ ಹಲಗೆ ಆರಿಸುವಾಗ ಬೆರಳ ಗೆಣ್ಣಿನಿಂದ ಬಡಿದು ನೋಡಿ, ಮಡಕೆ ನೋಡಿದ ಹಾಗೆ. ಠಣ್ ಅಂದರೆ ಗಟ್ಟಿ, ಬದಬದ ಅಂದರೆ ಒಳಗೆ ಬಿರುಕು. ಅನುಮಾನ ಇದ್ದರೆ ನೀರು ಚಿಮುಕಿಸಿ ಸ್ವಲ್ಪ ಹೊತ್ತು ಬಿಡಿ. ಕಲ್ಲೆಲ್ಲ ಒಣಗಿದ ಮೇಲೂ ಬಿರುಕಿನ ಗೆರೆ ಮಾತ್ರ ಒದ್ದೆ ಉಳೀತದೆ.

ಎತ್ತರ ಎಷ್ಟು

ಇದನ್ನು ಗಂಡಸರು ನಿರ್ಧಾರ ಮಾಡಬಾರದು. ದಿನಾ ಆ ಕಟ್ಟೆ ಎದುರು ನಿಲ್ಲುವವರನ್ನು ನಿಲ್ಲಿಸಿ, ಮೊಣಕೈ ಮಡಚಲು ಹೇಳಿ, ನೆಲದಿಂದ ಮೊಣಕೈಗೆ ಅಳತೆ ತೆಗೀರಿ. ಐದಡಿ ಎತ್ತರದವರಿಗೆ ಅದು ಸುಮಾರು 37 ಇಂಚು ಬರ್ತದೆ. ಕಾಯಿಪಲ್ಲೆ ಹೆಚ್ಚಲು ಅದಕ್ಕಿಂತ ನಾಲ್ಕೈದು ಇಂಚು ತಗ್ಗು ಇದ್ದರೆ ಹೆಗಲು ನೋಯುವುದಿಲ್ಲ. ಒಲೆ ಇಡುವ ಜಾಗ ಇನ್ನೂ ತಗ್ಗು ಬೇಕು, ಯಾಕೆಂದರೆ ಗ್ಯಾಸ್ ಒಲೆಯೇ ಐದಿಂಚು ಎತ್ತರ, ಅದರ ಮೇಲೆ ಪಾತ್ರೆ. ಪೇಟೆ ಮನೆಯ 34 ಇಂಚಿನ ಅಳತೆ ತಂದು ಇಟ್ಟರೆ ನಮ್ಮ ಹೆಂಗಸರು ಗಂಜಿ ತಪ್ಪಲೆ ಇಳಿಸಲು ಕೈ ಎದೆಮಟ್ಟಕ್ಕೆ ಎತ್ತಬೇಕು. ಬಿಸಿ ಗಂಜಿ ಮೈಮೇಲೆ ಬೀಳುವುದು ಹೀಗೇ. ಕೆಳಗೆ ಸಿಲಿಂಡರ್ ನಿಲ್ಲಲು 27-28 ಇಂಚು ಖಾಲಿ ಬೇಕು, ಮೇಲೆ ಕಲ್ಲು ಗಾರೆ ಸೇರಿ 3 ಇಂಚು. ನಮ್ಮ ಮನೆಯಲ್ಲಿ 31 ಇಂಚಿಗೆ ನಿಲ್ಲಿಸಿದ್ದೇವೆ. ಹೆಚ್ಚುವವರಿಗೂ ಆಯ್ತು, ಬೇಯಿಸುವವರಿಗೂ ಆಯ್ತು.

ಅಗಲ ಎರಡಡಿ ಸಾಕು. ಅದಕ್ಕಿಂತ ಜಾಸ್ತಿ ಮಾಡಿದರೆ ಗೋಡೆ ಬದಿಯ ಡಬ್ಬಿಗೆ ಕೈ ಎಟುಕುವುದಿಲ್ಲ, ಎಟುಕಿಸಲು ಹೋದರೆ ಉರಿಯುವ ಒಲೆ ಮೇಲೆ ಸೆರಗು.

ಕೆಳಗಿನ ಕಟ್ಟು

ಎಂಟಡಿ ಉದ್ದ, ಎರಡಡಿ ಅಗಲದ ಕಟ್ಟೆಯ ಲೆಕ್ಕ ಹೇಳ್ತೇನೆ. ಕಲ್ಲು, ಗಾರೆ ಎಲ್ಲ ಸೇರಿ ಮೇಲಿನ ಭಾಗವೇ ಮೂರು ಕ್ವಿಂಟಾಲ್ ಆಸುಪಾಸು ತೂಗ್ತದೆ. ಸಗಣಿ ಸಾರಿಸಿದ ಮಣ್ಣಿನ ನೆಲದ ಮೇಲೆ ಸೀದಾ ಕಟ್ಟಿದರೆ ಒಂದೇ ಮಳೆಗಾಲಕ್ಕೆ ಕೂತು ಮೇಲಿನ ಕಲ್ಲು ಬಿರಿಯುತ್ತದೆ. ಗಟ್ಟಿ ಮಣ್ಣು ಸಿಗುವವರೆಗೆ, ಒಂದಡಿಯಾದರೂ ಅಗೆದು, ಕಲ್ಲುಚೂರು ತುಂಬಿ ಬಡಿದು, ಮೇಲೆ ನಾಲ್ಕಿಂಚು ಕಾಂಕ್ರೀಟ್ ಹಾಕಿ. ಗಟ್ಟಿ ಸಿಮೆಂಟ್ ನೆಲ ಇದ್ದರೆ ಅಗೆಯುವುದು ಬೇಡ, ಗಾರೆ ಹಿಡಿಯಲು ನೆಲವನ್ನು ಕಚ್ಚು ಹೊಡೆದರೆ ಆಯ್ತು.

ಚಿರೆಕಲ್ಲಿನ ನಾಲ್ಕು ಅಡ್ಡಗೋಡೆ ಕಟ್ಟಬೇಕು. ಎರಡು ಕೊನೆಗೆ ಒಂದೊಂದು, ನಡುವೆ ಎರಡು. ಮೂರು ಸಾಲದೇ ಅಂತ ಕೇಳ್ತಾರೆ. ಸಾಲದು. ಕಲ್ಲಿಗೆ ಅಮುಕಿದರೆ ತಡೆಯುವ ಶಕ್ತಿ ಬೇಕಾದಷ್ಟಿದೆ, ಬಾಗಿಸಿದರೆ ತಡೆಯುವುದಿಲ್ಲ. ಹಲಗೆಯ ಅಡಿ ಬದಿಯಿಂದ ಬಿರುಕು ಸುರುವಾಗಿ ಮೇಲೆ ಬರ್ತದೆ, ಕಣ್ಣಿಗೆ ಕಾಣುವಾಗ ಕೆಲಸ ಮುಗಿದಿರ್ತದೆ. ಏಳಿಂಚು ದಪ್ಪದ ನಾಲ್ಕು ಗೋಡೆ ಇಟ್ಟರೆ ನಡುವಿನ ಖಾಲಿ ಒಂದೊಂದೂ ಎರಡಡಿಗಿಂತ ಕಡಿಮೆ ಆಗ್ತದೆ. ಒಂದೂವರೆ ಇಂಚಿನ ಕಡಪ ಅಷ್ಟನ್ನು ನಿಶ್ಚಿಂತೆಯಿಂದ ಹೊರುತ್ತದೆ. ಮೂರೇ ಗೋಡೆಯಾದರೆ ಖಾಲಿ ಮೂರಡಿ ದಾಟ್ತದೆ. ಅದರ ಮೇಲೆ ತುಂಬಿದ ಕೊಡಪಾನ ಇಟ್ಟು, ಪಕ್ಕದಲ್ಲಿ ಕಾಯಿ ಒಡೆದರೆ ಕತೆ ಮುಗೀತು.

ಚಿರೆಕಲ್ಲು ನೀರು ಹೀರುವ ಕಲ್ಲು. ಕಟ್ಟುವ ಮೊದಲು ಚೆನ್ನಾಗಿ ಒದ್ದೆ ಮಾಡದಿದ್ದರೆ ಗಾರೆಯ ನೀರನ್ನೆಲ್ಲ ಅದೇ ಕುಡಿದು ಗಾರೆ ಪುಡಿಯಾಗಿ ಉಳೀತದೆ. ಅಡ್ಡಗೋಡೆಯ ಉದ್ದ 21 ಇಂಚು ಇರಲಿ, ಮೇಲಿನ ಕಲ್ಲು ಮೂರಿಂಚು ಮುಂದೆ ಚಾಚಿರಲಿ. ನಿಂತು ಕೆಲಸ ಮಾಡುವವರ ಕಾಲ್ಬೆರಳಿಗೆ ಜಾಗ ಸಿಗ್ತದೆ. ಕಡಪದ ಮೂರು ತುಂಡು ಬೇಕು. ತುಂಡು ತುಂಡು ಕೂಡುವ ಸಂದು ಗೋಡೆಯ ನಡುಮಧ್ಯಕ್ಕೇ ಬರಬೇಕು, ಎರಡೂ ಬದಿಗೆ ಮೂರು ಇಂಚಾದರೂ ಆಧಾರ ಸಿಗಬೇಕು. ಒಂದೊಂದು ತುಂಡು 50 ಕಿಲೋ ಆಸುಪಾಸು, ಎತ್ತಲು ಇಬ್ಬರು ಬೇಕು.

ನಾಲ್ಕು ಗೋಡೆಯ ತಲೆ ಒಂದೇ ಮಟ್ಟಕ್ಕೆ ಬರುವುದು ಮುಖ್ಯ. ರಸಮಟ್ಟ ಇಲ್ಲದಿದ್ದರೆ ಚಿಂತೆ ಇಲ್ಲ. ಸಮಪಾತಳಿ ಬದು ಗುರುತು ಮಾಡಲು ನಾವು ಬಳಸುವ ನೀರಿನ ಪಾರದರ್ಶಕ ಪೈಪೇ ಇಲ್ಲಿಗೂ ಸಾಕು. ಪೈಪಿನಲ್ಲಿ ಗಾಳಿ ಗುಳ್ಳೆ ಇಲ್ಲದಂತೆ ನೋಡಿಕೊಂಡರೆ ರಸಮಟ್ಟಕ್ಕಿಂತ ಸರಿ ತೋರಿಸ್ತದೆ.

ಕಡಪ ಕೂಡ್ರಿಸಿದ ಮೇಲೆ ಒಂದು ಸಿಮೆಂಟಿಗೆ ಮೂರು ಮರಳಿನ ಗಾರೆ ಒಂದಿಂಚು ಹಾಸಬೇಕು. ಅರ್ಧ ಹಾಸಿ, ಕೋಳಿ ಬಲೆ (ತಂತಿ ಬಲೆ) ಹರವಿ, ಮೇಲೆ ಉಳಿದರ್ಧ. ಬಲೆ ಇಲ್ಲದಿದ್ದರೆ ಕಡಪದ ಸಂದು ಎಲ್ಲಿದೆಯೋ ಅಲ್ಲೇ ಸೀದಾ ಮೇಲಿನ ಗ್ರಾನೈಟ್ ತನಕ ಗೆರೆ ಬಿರುಕು ಏಳ್ತದೆ. ಇದು ಗೌಂಡಿಗಳೂ ಬಿಡುವ ಹಂತ.

ಮರಳಿನ ವಿಷಯ ಇಲ್ಲೇ ಹೇಳಬೇಕು. 1930ರಲ್ಲಿ ಉಪ್ಪಿನ ಕಾಯಿದೆ ಮುರಿದ ಊರು ಅಂಕೋಲೆ, ಉಪ್ಪಿನ ಬಗ್ಗೆ ನಮಗೆ ಯಾರೂ ಕಲಿಸಬೇಕಾಗಿಲ್ಲ. ಆದರೂ ಮರಳು ತರುವಾಗ ಮರೀತೇವೆ. ಹೊಳೆ ಬಾಯಿಯ ಮರಳಿನಲ್ಲಿ ಉಪ್ಪು ಇರ್ತದೆ. ಬೇಸಿಗೆಯಲ್ಲಿ ಭರತದ ನೀರು ಹೊಳೆಯಲ್ಲಿ ಮೈಲಿಗಟ್ಟಲೆ ಮೇಲೆ ಬರ್ತದೆ. ಆ ಉಪ್ಪು ಕೋಳಿ ಬಲೆಯನ್ನು ತಿಂದು ಹಾಕ್ತದೆ, ತುಕ್ಕು ಹಿಡಿದ ತಂತಿ ಉಬ್ಬಿ ಗಾರೆಯನ್ನೇ ಎತ್ತುತ್ತದೆ. ಸಂದಿನಲ್ಲಿ ಬಿಳಿ ಪುಡಿ ಕಕ್ಕುವುದೂ ಇದೇ ಉಪ್ಪು. ಒಂದು ಮುಷ್ಟಿ ಮರಳನ್ನು ಲೋಟ ನೀರಿಗೆ ಹಾಕಿ ಕಲಕಿ, ತಿಳಿಯಾದ ಮೇಲೆ ನಾಲಿಗೆಗೆ ಮುಟ್ಟಿಸಿ. ಉಪ್ಪು ಹತ್ತಿದರೆ ಸಿಹಿನೀರಿನಲ್ಲಿ ಮೂರು ಸಲ ತೊಳೀರಿ. ಕಡಲ ಬದಿಯ ಬಾವಿ ಮೇ ತಿಂಗಳಿಗೆ ಸವಳಾದರೆ ಆ ನೀರೂ ಗಾರೆಗೆ ಬೇಡ. ಈಗ ಹೊಳೆ ಮರಳು ಸಿಗುವುದೇ ಕಷ್ಟ ಆಗಿ ಎಂ-ಸ್ಯಾಂಡ್ ಬಂದಿದೆ. ಅದರಲ್ಲಿ ಉಪ್ಪಿಲ್ಲ, ಧೂಳು ಜಾಸ್ತಿ ಇದ್ದರೆ ಜರಡಿ ಹಿಡೀಬೇಕು.

ಇಷ್ಟು ಕೆಲಸಕ್ಕೆ, ಮೇಲಿನ ಕಲ್ಲು ಕೂಡ್ರಿಸುವುದೂ ಸೇರಿ, ಎರಡು ಚೀಲ ಸಿಮೆಂಟ್, ಏಳೆಂಟು ಘನ ಅಡಿ ಮರಳು ಸಾಕಾಗ್ತದೆ. ದರ ನಾನು ಬರೆಯುವುದಿಲ್ಲ. ಪತ್ರಿಕೆ ನಿಮ್ಮ ಕೈಗೆ ಬರುವುದರೊಳಗೆ ಬದಲಾಗಿರ್ತದೆ.

ಗಾರೆ ಹಾಸಿದ ಮೇಲೆ ಒದ್ದೆ ಗೋಣಿ ತಾಟು ಹೊದೆಸಿ ಹತ್ತು ದಿನ ನೀರು ಹನಿಸಿ. ಬೇಸಿಗೆಯಲ್ಲಿ ನೀರಿಲ್ಲ ಅನ್ನುವವರು ಗೋಣಿ ಮೇಲೆ ಒದ್ದೆ ಹುಲ್ಲು ಹಾಸಿದರೆ ದಿನಕ್ಕೆ ಎರಡು ಚೊಂಬು ಸಾಕು. ಹೋಳಿ ಕಳೆದ ಮೇಲೆ ಸುರು ಮಾಡಿದರೆ ಮಿರಗದ ಮಳೆಗೆ ಎಲ್ಲ ಮುಗಿದು ಒಣಗಿಯೂ ಆಗಿರ್ತದೆ.

ಬಿಲ್ಲೆ ಕೂಡ್ರಿಸುವ ದಿನ

ಮೊದಲು ಗಾರೆ ಇಲ್ಲದೆ ಬಿಲ್ಲೆಗಳನ್ನು ಒಣದಾಗಿ ಜೋಡಿಸಿ ನೋಡಿ. 16 ಚದರಡಿ ಮೇಲ್ಮೈ, ಗೋಡೆಗೆ ಒಂದಡಿ ಎತ್ತರ ಹಚ್ಚಲು 8 ಚದರಡಿ, ಒಡೆದದ್ದಕ್ಕೆ ಅಂತ ಎರಡು ಮೂರು ಹೆಚ್ಚು. ಇಡೀ ಬಿಲ್ಲೆಗಳು ಮುಂದಿನ ಅಂಚಿಗೆ ಬರಲಿ, ಕೊಯ್ದ ತುಂಡು ಗೋಡೆ ಬದಿಗೆ ಹೋಗಲಿ. ನಮ್ಮ ಗೋಡೆಗಳು ಎಷ್ಟೇ ಆದರೂ ಸೊಟ್ಟ, ಮುಂದಿನ ಅಂಚು ಮಾತ್ರ ನೂಲು ಹಿಡಿದು ನೇರ ಮಾಡಿ. ಸಿಂಕ್ ಇಡುವುದಾದರೆ ಹಿತ್ತಿಲ ಬದಿಗೇ ಇಡಿ, ತೊಳೆದ ನೀರು ಬಾಳೆಗೋ ಕೆಸುವಿಗೋ ಹೋಗ್ತದೆ. ಅದರ ತೂತು ಕಡಪ ತರುವಾಗಲೇ ಅಂಗಡಿಯಲ್ಲಿ ಕೊಯ್ಯಿಸಿಕೊಂಡು ಬನ್ನಿ.

ಕೊಯ್ಯುವ ಕೆಲಸ ಆದಷ್ಟೂ ಅಂಗಡಿಯಲ್ಲೇ ಮುಗಿಸಿ ಅಂತ ನಾನು ಒತ್ತಿ ಹೇಳ್ತೇನೆ. ಒಣ ಗ್ರಾನೈಟ್ ಕೊಯ್ದಾಗ ಏಳುವ ಧೂಳಿನಲ್ಲಿ ಬೆಣಚುಕಲ್ಲಿನ ಅಂಶ ಇರ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಪುಡಿ ಶ್ವಾಸಕೋಶಕ್ಕೆ ಹೋದರೆ ಹೊರಗೆ ಬರುವುದಿಲ್ಲ, ಅಲ್ಲೇ ಗಾಯ ಮಾಡಿ ಗಟ್ಟಿ ಕಟ್ತದೆ. ಸಿಲಿಕೋಸಿಸ್ ಅಂತ ಅದರ ಹೆಸರು, ಗುಣ ಮಾಡುವ ಮದ್ದಿಲ್ಲ. ಕಲ್ಲುಪುಡಿಗೆ ಅಂಟು ಕಲಸಿ ಮಾಡುವ ಕೃತಕ ಕಲ್ಲಿನಲ್ಲಿ ಈ ಅಂಶ ಇನ್ನೂ ಹೆಚ್ಚು. ಕೊಯ್ಯುವ ಕೆಲಸಗಾರರು ಕಾಯಿಲೆ ಬಿದ್ದದ್ದಕ್ಕೆ ಆಸ್ಟ್ರೇಲಿಯಾ ದೇಶ 2024ರ ಜುಲೈ 1ರಿಂದ ಅಂಥ ಕಲ್ಲನ್ನೇ ನಿಷೇಧ ಮಾಡಿತು. ಒಂದು ಕಟ್ಟೆ ಮಾಡಿದ ಮಾತ್ರಕ್ಕೆ ನಮಗೆ ಆ ರೋಗ ಬರ್ತದೆ ಅಂತಲ್ಲ. ಆದರೆ ಮನೆಯೊಳಗೆ, ಮಕ್ಕಳ ಎದುರಿಗೆ ಕೈ ಯಂತ್ರ ಹಿಡಿದು ಧೂಳೆಬ್ಬಿಸುವುದು ಬೇಡ. ಒಂದೆರಡು ತುಂಡು ಕೊಯ್ಯಲೇಬೇಕಾದರೆ ಅಂಗಳದಲ್ಲಿ, ಗಾಳಿ ಬೆನ್ನಿಗೆ ಬರುವಂತೆ ಕೂತು, ಕಲ್ಲನ್ನು ಒದ್ದೆ ಗೋಣಿ ಮೇಲಿಟ್ಟು ನೀರು ಚಿಮುಕಿಸಿ, ಮೂಗಿಗೆ ಒಳ್ಳೇ ಮಾಸ್ಕ್, ಕಣ್ಣಿಗೆ ಕನ್ನಡಕ ಹಾಕಿ ಕೊಯ್ಯಿರಿ. ನೀರು, ಕರೆಂಟು ಎರಡೂ ಒಟ್ಟಿಗೆ ಇರುವ ಕೆಲಸ. ಕಾಲಿಗೆ ರಬ್ಬರ್ ಚಪ್ಪಲಿ ಇರಲಿ, ಮನೆಗೆ ಇಎಲ್‌ಸಿಬಿ ಇಲ್ಲದಿದ್ದರೆ ಈ ಕೆಲಸ ಬೇಡ.

ಗಾರೆಯಲ್ಲಿ ಕೂಡ್ರಿಸುವುದೋ ಚೀಲದಲ್ಲಿ ಬರುವ ತಯಾರು ಅಂಟಿನಲ್ಲೋ? ಒಂದೇ ದಪ್ಪದ ತೆಳು ಬಿಲ್ಲೆಯಾದರೆ ಅಂಟು ಒಳ್ಳೇದು. ಅಂಗಡಿಯಲ್ಲಿ ಕಲ್ಲಿನ ಬಿಲ್ಲೆಗೆ ಅಂತ ಹೇಳಿ ತನ್ನಿ, ಸಾದಾ ಟೈಲಿನ ಅಂಟು ನುಣ್ಣನೆ ಕಲ್ಲಿಗೆ ಅಷ್ಟು ಹಿಡಿಯುವುದಿಲ್ಲ. ಹಲ್ಲಿನ ಕರಣೆಯಿಂದ ಎಳೆದು, ಬಿಲ್ಲೆ ಒತ್ತಿ ಕೂಡ್ರಿಸಿದರೆ ಆಯ್ತು. ಒಂದು ಸಲಕ್ಕೆ ಮೂರು ನಾಲ್ಕು ಬಿಲ್ಲೆಗೆ ಆಗುವಷ್ಟೇ ಎಳೀರಿ, ನಮ್ಮ ಏಪ್ರಿಲ್ ಸೆಕೆಗೆ ಬೇಗ ಚರ್ಮ ಕಟ್ತದೆ. ಉಳಿದ ತುಂಡಿನ ಕಲ್ಲು ತಂದಿದ್ದರೆ ಒಂದೊಂದರ ದಪ್ಪ ಒಂದೊಂದು ಥರ, ಅದಕ್ಕೆ ಗಾರೆಯೇ ಸರಿ. ಒಂದಕ್ಕೆ ನಾಲ್ಕು, ಅರ್ಧ ಇಂಚು, ಮುಷ್ಟಿ ಹಿಡಿದರೆ ಉಂಡೆಯಾಗಬೇಕು, ನೀರು ಜಿನುಗಬಾರದು. ಅದರ ಮೇಲೆ ಸಿಮೆಂಟ್ ತಿಳಿ ಬಿಟ್ಟು ಕಲ್ಲು ಇಡುವುದು. ಗಾರೆಯಾದರೆ ಕಟ್ಟೆಯ ಎತ್ತರ ಮುಕ್ಕಾಲು ಇಂಚು ಜಾಸ್ತಿ ಬರ್ತದೆ, ಗೋಡೆ ಕಟ್ಟುವಾಗಲೇ ಅಷ್ಟು ಕಳೆಯಿರಿ. ಬಿಳಿ ಅಥವಾ ತಿಳಿ ಬಣ್ಣದ ಕಲ್ಲಿಗೆ ಬಿಳಿ ಸಿಮೆಂಟೇ ಬೇಕು, ಕರಿ ಸಿಮೆಂಟಿನ ಬಣ್ಣ ಮೇಲೆ ಹಾಯ್ತದೆ.

ಯಾವುದೇ ಆದರೂ ಬಿಲ್ಲೆಯ ಬೆನ್ನು ತೊಳೆಯದೆ ಕೂಡ್ರಿಸಬೇಡಿ. ಕೊಯ್ಯುವಾಗಿನ ಹಿಟ್ಟು ಬೆನ್ನಿಗೆ ಒಣಗಿ ಹಿಡಿದಿರ್ತದೆ. ಅದರ ಮೇಲೆ ಅಂಟು ಹಾಕುವುದು ಅಂದರೆ ಧೂಳಿಗೆ ಅಂಟು ಹಾಕಿದ ಹಾಗೆ. ಕತ್ತದ ಬ್ರಶ್ಶಿನಿಂದ ತಿಕ್ಕಿ ತೊಳೆದು ಒಣಗಿಸಿ.

ಬಿಲ್ಲೆ ಬಿಲ್ಲೆ ನಡುವೆ ಎರಡು ಮಿಲಿಮೀಟರ್ ಸಂದು ಬಿಡಬೇಕು. ಪ್ಲಾಸ್ಟಿಕ್ ಅಡ್ಡೆ ತರಬೇಕಾಗಿಲ್ಲ, ತೆಂಗಿನ ಹಿಡಿಕಡ್ಡಿ ಸರಿಯಾಗಿ ಅಷ್ಟೇ ದಪ್ಪ. ಬುಡದ ತುಂಡುಗಳನ್ನೇ ಆರಿಸಿ ಇಟ್ಟುಕೊಳ್ಳಿ. ರಬ್ಬರ್ ಸುತ್ತಿಗೆ ಇಲ್ಲದಿದ್ದರೆ ಮರದ ತುಂಡಿಗೆ ಬಟ್ಟೆ ಸುತ್ತಿ ಮೆಲ್ಲಗೆ ಬಡೀರಿ. ಬಡಿಯುತ್ತ ಕಿವಿ ಕೊಡಿ. ಟೊಳ್ಳು ಸದ್ದು ಬಂದರೆ ಅಡಿಯಲ್ಲಿ ಗಾಳಿ ಇದೆ, ಕೂಡಲೇ ಎತ್ತಿ ಮತ್ತೆ ಅಂಟು ಹಾಕಿ. ನಾಳೆ ನೋಡೋಣ ಅಂದರೆ ನಾಳೆ ಉಳಿಯಿಂದ ಒಡೆದೇ ತೆಗೆಯಬೇಕು. ಇಡೀ ಕಟ್ಟೆಗೆ ಸಿಂಕಿನ ಬದಿಗೆ ಒಂದು ಎಳ್ಳಷ್ಟು ಇಳುಕಲು ಇರಲಿ, ಎರಡಡಿಗೆ ಒಂದು ಕಡ್ಡಿ ದಪ್ಪದಷ್ಟು ಸಾಕು.

ಮುಂದಿನ ಅಂಚಿನಲ್ಲಿ ಬಿಲ್ಲೆಯ ಕೊರೆದ ಬದಿ ಚೂಪಾಗಿರ್ತದೆ. ಅದೇ ಕಲ್ಲಿನ ಮೂರಿಂಚು ಪಟ್ಟಿಯನ್ನು ಮುಖಕ್ಕೆ ಹಚ್ಚಿ, ಮೇಲಿನ ಚೂಪನ್ನು ಮಸೆಗಲ್ಲಿನಿಂದ ನೀರು ಹಾಕಿ ಉಜ್ಜಿ ಮೊಂಡು ಮಾಡಿ. ಇದಕ್ಕೆ ಯಂತ್ರ ಬೇಡ, ಕತ್ತಿ ಮಸೆಯುವ ತಾಳ್ಮೆ ಇದ್ದರೆ ಸಾಕು.

ಸಂದು ತುಂಬುವುದು ಒಂದು ದಿನ ಕಳೆದ ಮೇಲೆ. ಇಲ್ಲಿ ಒಂದು ಮಾತು. ಕಲ್ಲು ಹುಳಿ ತಡೆಯುವ ಗ್ರಾನೈಟ್ ಹಾಕಿ, ಸಂದಿಗೆ ಬಿಳಿ ಸಿಮೆಂಟ್ ತುಂಬಿದರೆ ಮುರುಗಲು ಆ ಸಿಮೆಂಟನ್ನು ತಿನ್ನುತ್ತದೆ. ಸಿಮೆಂಟೂ ಸುಣ್ಣದ ಸಂತಾನವೇ. ಗೋಡೆಯ ಸಂದಿಗೆ ಸಿಮೆಂಟ್ ನಡೀತದೆ, ಕಟ್ಟೆಯ ಮೇಲ್ಮೈಗೆ ಎಪಾಕ್ಸಿ ತುಂಬಿ. ದುಬಾರಿ ಹೌದು, ಆದರೆ ಈ ಅಳತೆಗೆ ಒಂದು ಕಿಲೋ ತಂದರೂ ಅರ್ಧ ಉಳೀತದೆ. ನೆರೆಮನೆಯವರೂ ಕಟ್ಟೆ ಮಾಡುವುದಾದರೆ ಪಾಲು ಹಾಕಿಕೊಂಡು, ಒಂದೇ ದಿನ ಎರಡೂ ಮನೆಗೆ ತುಂಬಿ. ಕಲಸಿದ ಮೇಲೆ ಬೇಗ ಗಟ್ಟಿಯಾಗ್ತದೆ, ಸ್ವಲ್ಪ ಸ್ವಲ್ಪ ಕಲಸಿ. ಕಲ್ಲಿನ ಮೇಲೆ ಹತ್ತಿದ್ದನ್ನು ಆಗಿಂದಾಗ ಒರಸಿ, ಗಟ್ಟಿಯಾದ ಮೇಲೆ ಹೋಗುವುದಿಲ್ಲ. ಕಟ್ಟೆಯೂ ಗೋಡೆಯೂ ಕೂಡುವ ಮೂಲೆಗೆ ಮಾತ್ರ ಸಿಲಿಕೋನ್ ಎಳೀರಿ. ಕಟ್ಟೆ ಬೇರೆ, ಗೋಡೆ ಬೇರೆ, ಎರಡೂ ಒಂದಿಷ್ಟು ಅಲುಗ್ತವೆ. ಗಟ್ಟಿ ತುಂಬಿದರೆ ಅಲ್ಲಿ ಬಿಟ್ಟು ಜಿರಳೆ ಮನೆ ಮಾಡ್ತದೆ.

ಕಟ್ಟಿಗೆ ಒಲೆ ಇರುವ ಮನೆ

ನಮ್ಮಲ್ಲಿ ಗ್ಯಾಸ್ ಇದ್ದರೂ ಕುಚ್ಚಕ್ಕಿ ಬೇಯಿಸಲು ಕಟ್ಟಿಗೆ ಒಲೆ ಬಿಟ್ಟಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ತಂಡದವರು ರೂಪಿಸಿದ ಮೂರು ಪಾತ್ರೆಯ ಅಸ್ತ್ರ ಒಲೆ ಹಾಕಿಕೊಂಡವರೂ ಇದ್ದಾರೆ. ಅಂಥ ಒಲೆಯ ಅಡಿಗೆ, ಸುತ್ತ ಒಂದಡಿಗೆ ಗ್ರಾನೈಟ್ ಹಾಕಬೇಡಿ. ಒಂದೇ ಕಡೆ ಕಾದರೆ ತೆಳು ಕಲ್ಲು ಸಿಡೀತದೆ. ಆ ಭಾಗಕ್ಕೆ ಚಿರೆಕಲ್ಲು, ಮಣ್ಣಿನ ಗಾರೆಯೇ ಸರಿ. ಬೆಂಕಿಯಿಂದ ಇಳಿಸಿದ ತಪ್ಪಲೆಯನ್ನು ಗ್ರಾನೈಟಿನ ಮೇಲೆ ಇಡುವಾಗಲೂ ಅಡಿಗೆ ಸಿಂಬೆ ಇರಲಿ.

ಸಿಲಿಂಡರ್ ಇಡುವ ಖಾನೆಗೆ ಬಾಗಿಲು ಹಚ್ಚಬೇಡಿ. ಚೆಂದಕ್ಕೆ ಪರದೆ ಬೇಕು ಅಂದರೆ ನೆಲದಿಂದ ಒಂದು ಗೇಣು ಮೇಲಿರಲಿ. ಒಲೆಯ ನೇರ ಕೆಳಗಿನ ಖಾನೆ ಬಿಟ್ಟು ಪಕ್ಕದ್ದರಲ್ಲಿ ಸಿಲಿಂಡರ್ ಇಡಿ, ಪೈಪ್ ಒಂದೂವರೆ ಮೀಟರಿನದು ಸಾಕಾಗ್ತದೆ. ಪೈಪ್ ಹಾಯಲು ಕಲ್ಲಿಗೆ ತೂತು ಮಾಡಿದರೆ ಅಂಚನ್ನು ಉಜ್ಜಿ ನುಣ್ಣಗೆ ಮಾಡಿ. ಪೈಪಿನ ಉದ್ದಕ್ಕೂ ಕಣ್ಣಿಗೆ ಕಾಣಬೇಕು, ಇಲಿ ಕಡಿದರೆ ಗೊತ್ತಾಗಬೇಕಲ್ಲ.

ಕೊನೆಯ ಪರೀಕ್ಷೆ ನೀರಿನದು. ಎಲ್ಲ ಒಣಗಿದ ಮೇಲೆ ಗ್ರಾನೈಟಿನ ಮೇಲೆ ನಾಲ್ಕು ಹನಿ ನೀರು ಬಿಟ್ಟು ಹತ್ತು ನಿಮಿಷ ಕಾಯಿರಿ. ಒರಸಿದಾಗ ಆ ಜಾಗ ಕಪ್ಪಗೆ ಉಳಿದರೆ ಕಲ್ಲು ಹೀರುವ ಜಾತಿಯದ್ದು, ತೆಂಗಿನೆಣ್ಣೆಯ ಕಲೆ ಹಿಡೀತದೆ. ಕಲ್ಲಂಗಡಿಯಲ್ಲಿ ಸಿಗುವ ಸೀಲರ್ ಒಂದು ಕೈ ಹಚ್ಚಿ ಒರಸಿ. ಕಪ್ಪಗೆ ಆಗದಿದ್ದರೆ ಏನೂ ಬೇಡ. ಆಮೇಲೂ ಎಣ್ಣೆ ಕಲೆ ಹಿಡಿದರೆ ಸೀಮೆಸುಣ್ಣದ ಪುಡಿಯನ್ನು ನೀರಲ್ಲಿ ದಪ್ಪಗೆ ಕಲಸಿ ಮೆತ್ತಿ, ಮೇಲೆ ಪ್ಲಾಸ್ಟಿಕ್ ಮುಚ್ಚಿ ರಾತ್ರಿ ಬಿಟ್ಟರೆ ಎಣ್ಣೆಯನ್ನು ಎಳೀತದೆ, ಎರಡು ಮೂರು ಸಲ ಮಾಡಬೇಕಾದೀತು. ಅರಶಿನದ ಕಲೆಗೆ ಗಾಬರಿ ಬೇಡ, ಕಿಟಕಿಯ ಬಿಸಿಲು ಬೀಳುವ ಜಾಗವಾದರೆ ತಾನೇ ಮಾಸ್ತದೆ. ಹೊಸ ಕಟ್ಟೆಗೆ ಮೊದಲ ಒಂದು ವಾರ ಕಾಯಿ ಒಡೆಯುವುದು, ಮಸಾಲೆ ಕುಟ್ಟುವುದು ಬೇಡ. ಆಮೇಲೂ ಕುಟ್ಟುವ ಕೆಲಸ ಇದ್ದರೆ ಅಡ್ಡಗೋಡೆಯ ನೆತ್ತಿಗೇ ಕುಟ್ಟಿ. ಗೋಡೆ ಎಲ್ಲಿದೆ ಅಂತ ಗೊತ್ತಾಗಲು ನಾವು ಹಿಂದಿನ ಬಿಲ್ಲೆಯ ಮೇಲೆ ಒಂದು ಸಣ್ಣ ಕೆಂಪು ಚುಕ್ಕೆ ಇಟ್ಟುಕೊಂಡಿದ್ದೇವೆ.